ಆಟಿಸಂ ಇರುವ ಮಕ್ಕಳಿಗಾಗಿ ಶಿವಮೊಗ್ಗದಲ್ಲೊಂದು ನಾಟಕ: ಪುಸ್ತಿಕೆಗೆ ಪೂರ್ತಿ ಅಂಕ, ಶಾಂತ ಕೋಣೆಗೆ ಸೊನ್ನೆ

ನಾಟಕ ಸಾಧಾರಣವಾಗಿತ್ತು. ಹಾಡುಗಳೆಲ್ಲ ಒಂದೇ ಧಾಟಿಯಲ್ಲಿದ್ದವು. ಕಾಗೆಯ ಪಾತ್ರ ಏಕೆ ಬಂತು, ಏಕೆ ಹೋಯಿತು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಆದರೂ ಇಷ್ಟುದ್ದ ಬರೆಯಲು ಕುಳಿತಿರುವುದಕ್ಕೆ ಕಾರಣ, ಪ್ರದರ್ಶನಕ್ಕೆ ಒಂದು ವಾರ ಮೊದಲು ಆ ತಂಡದವರು ನನ್ನ ಸೊಸೆಯ ವಾಟ್ಸ್ಆ್ಯಪ್‌ಗೆ ಕಳಿಸಿದ ಹದಿನಾಲ್ಕು ಪುಟಗಳ ಚಿತ್ರಪುಸ್ತಿಕೆ.

ನಾನು ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಬಸ್ಸಿನ ಬೋರ್ಡುಗಳೆಂದರೆ ಅವನಿಗೆ ಪ್ರಾಣ. ಆಯನೂರು, ಕುಂಸಿ, ಚೋರಡಿ, ಆನಂದಪುರ, ಸಾಗರ, ತಾಳಗುಪ್ಪ ಎಂದು ದಾರಿಯನ್ನು ಒಂದೂ ತಪ್ಪದೆ ಹೇಳುತ್ತಾನೆ. ಆದರೆ ಆ ದಾರಿಯಲ್ಲಿ ಬಸ್ಸು ಅನಿರೀಕ್ಷಿತವಾಗಿ ಎಲ್ಲಾದರೂ ನಿಂತರೆ ಕೈ ಕಚ್ಚಿಕೊಳ್ಳುತ್ತಾನೆ. ಮುಂದೇನು ಎಂದು ತಿಳಿಯದಿರುವುದೇ ಅವನಿಗೆ ದೊಡ್ಡ ಸಂಕಟ. ಹಠ ಎಂದು ಕರೆಯುವವರು ನಮ್ಮ ನೆಂಟರಲ್ಲಿಯೂ ಇದ್ದಾರೆ, ಅವರೊಡನೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ನಾಟಕಕ್ಕೆ ಬರವಿಲ್ಲದ ಜಿಲ್ಲೆ ನಮ್ಮದು. ಶಿವಮೊಗ್ಗದಲ್ಲಿ ರಂಗಾಯಣವಿದೆ, ಹೆಗ್ಗೋಡಿನ ನೀನಾಸಂ 1949ರಲ್ಲಿಯೇ ಹುಟ್ಟಿತು, ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಇಷ್ಟಿದ್ದರೂ ಮೊಮ್ಮಗನನ್ನು ಕರೆದುಕೊಂಡು ನಾವು ನಾಟಕಕ್ಕೆ ಹೋದವರಲ್ಲ. ಕತ್ತಲು, ಒಮ್ಮೆಲೇ ಸಿಡಿಯುವ ಸದ್ದು, ಅವನು ಎದ್ದು ಓಡಾಡಿದರೆ ತಿರುಗಿ ನೋಡುವ ಜನ. ಇದನ್ನೆಲ್ಲ ತಿಳಿದೇ ಒಂದು ಚಿಕ್ಕ ಮಕ್ಕಳ ನಾಟಕ ತಂಡ ಸಾಗರ ರಸ್ತೆಯ ಕಡೆಯ ಸಭಾಂಗಣವೊಂದರಲ್ಲಿ ‘ನಿರಾಳ ಪ್ರದರ್ಶನ’ ಏರ್ಪಡಿಸಿತ್ತು. ಪ್ರೇಕ್ಷಕರ ಕಡೆಯ ದೀಪಗಳನ್ನು ಪೂರ್ತಿ ಆರಿಸುವುದಿಲ್ಲ, ಮಿನುಗಿ ಕಣ್ಣು ಕುಕ್ಕುವ ಬೆಳಕು ಬಳಸುವುದಿಲ್ಲ, ಸದ್ದು ತಗ್ಗಿಸುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ಮಕ್ಕಳು ಏಳಬಹುದು, ಕೂಗಬಹುದು, ಹೊರಗೆ ಹೋಗಿ ಬರಬಹುದು. ವಿದೇಶಗಳಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಟಿಸಂ ಇರುವವರಿಗೆಂದೇ ಮೊದಲ ಪ್ರದರ್ಶನ ನಡೆದದ್ದು 2011ರ ಅಕ್ಟೋಬರಿನಲ್ಲಿ, ‘ದಿ ಲಯನ್ ಕಿಂಗ್’ ಸಂಗೀತ ನಾಟಕದ್ದು.

ನಮ್ಮ ಬಯಲಾಟಗಳಲ್ಲಿ ಈ ಸ್ವಾತಂತ್ರ್ಯ ಮೊದಲಿನಿಂದಲೂ ಇತ್ತಲ್ಲ ಎಂದು ನನಗೆ ಅನ್ನಿಸಿತು. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೆ ಚಾಪೆ ತಂದು ಮಕ್ಕಳನ್ನು ಮಲಗಿಸುತ್ತಿದ್ದೆವು, ಬೇಸರವಾದರೆ ಎದ್ದು ಚಹದ ಅಂಗಡಿಗೆ ನಡೆಯುತ್ತಿದ್ದೆವು. ಯಾರೂ ಯಾರನ್ನೂ ಗದರುತ್ತಿರಲಿಲ್ಲ. ಹಾಗೆಂದು ಮೊಮ್ಮಗನನ್ನು ಬಯಲಾಟಕ್ಕೆ ಕರೆದೊಯ್ಯುವ ಧೈರ್ಯ ನನಗಿಲ್ಲ. ಚೆಂಡೆಯ ಒಂದೇ ಪೆಟ್ಟಿಗೆ ಅವನು ತೀರ್ಥಹಳ್ಳಿ ದಾಟಿರುತ್ತಾನೆ.

ಈಗ ಪುಸ್ತಿಕೆಯ ವಿಷಯ. ಮೊದಲ ಪುಟದಲ್ಲಿ ಸಭಾಂಗಣದ ಗೇಟು. ಎರಡನೆಯದರಲ್ಲಿ ಚಪ್ಪಲಿ ಬಿಡುವ ಜಾಗ. ಆಮೇಲೆ ಟಿಕೆಟ್ ನೋಡುವ ಮೇಜು, ಕುರ್ಚಿಗಳ ಸಾಲು, ಶೌಚಾಲಯ. ಶೌಚಾಲಯದ ಬಾಗಿಲನ್ನಷ್ಟೇ ತೋರಿಸಿ ಬಿಡದೆ ಒಳಗಿನ ಬಕೆಟ್ಟು, ಮಗ್ಗು, ನಲ್ಲಿಯ ಚಿತ್ರವನ್ನೂ ಹಾಕಿದ್ದರು. ‘ಇಲ್ಲಿ ಕೈ ಒಣಗಿಸುವ ಯಂತ್ರ ಇಲ್ಲ’ ಎಂಬ ಸಾಲೂ ಇತ್ತು. ಬೆಂಗಳೂರಿನ ಮಾಲೊಂದರಲ್ಲಿ ಆ ಯಂತ್ರದ ಗರ್ಜನೆಗೆ ನಮ್ಮ ಹುಡುಗ ಪಟ್ಟ ಪಾಡನ್ನು ಕಂಡಿರುವ ಸೊಸೆ ಆ ಸಾಲನ್ನು ಮೊದಲು ಅವನಿಗಲ್ಲ, ನನಗೆ ಓದಿ ಹೇಳಿದಳು.

ಪ್ರತಿಯೊಬ್ಬ ನಟನ ಚಿತ್ರವೂ ಎರಡೆರಡು ಬಾರಿ ಇತ್ತು: ಮನೆಯ ಬಟ್ಟೆಯಲ್ಲೊಮ್ಮೆ, ವೇಷದಲ್ಲೊಮ್ಮೆ. ದಾರಿ ತಪ್ಪಿ ಊರಿಗೆ ಬಂದ ಆನೆಮರಿಯ ಕತೆ ಅದು. ಬೆತ್ತ ಮತ್ತು ಬಟ್ಟೆಯಿಂದ ಮಾಡಿದ ಆನೆಯೊಳಗೆ ಇಬ್ಬರು ನಿಂತಿರುವುದನ್ನು ಬಟ್ಟೆ ಎತ್ತಿ ತೋರಿಸಿದ್ದರು. ಕತೆಯ ಗುಟ್ಟೆಲ್ಲ ರಟ್ಟಾಯಿತಲ್ಲ ಎಂದು ನಮ್ಮ ಪಕ್ಕದ ಮನೆಯವರು ಕೇಳಿದರು. ಆಗಬೇಕಾದದ್ದೇ ಅದು. ಕತೆಯ ಕೊನೆಯನ್ನೂ ಬರೆದಿದ್ದರು, ಆನೆಮರಿಗೆ ತಾಯಿ ಸಿಗುತ್ತದೆ.

ಇಂಥ ಬರವಣಿಗೆಗೆ ಒಂದು ಕ್ರಮವಿದೆಯಂತೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಸೋಷಿಯಲ್ ಸ್ಟೋರಿ’ ಪದ್ಧತಿ. ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಅಪ್ಪಣೆಗಳು ಕಡಿಮೆ. ಎಲ್ಲಿ, ಏನು, ಯಾರು, ಏಕೆ ಎಂಬ ವಿವರಣೆ ಹೆಚ್ಚು. ನಮ್ಮ ಪುಸ್ತಿಕೆಯ ಒಂದು ಪುಟದಲ್ಲಿ ಹೀಗಿತ್ತು: ‘ಹಾಡು ಮುಗಿದಾಗ ಕೆಲವರು ಚಪ್ಪಾಳೆ ತಟ್ಟುತ್ತಾರೆ. ಅವರಿಗೆ ಸಂತೋಷವಾಗಿರುತ್ತದೆ. ಸದ್ದು ಬೇಡವೆನಿಸಿದರೆ ನಾನು ಕಿವಿ ಮುಚ್ಚಿಕೊಳ್ಳಬಹುದು.’ ‘ಬಹುದು’ ಎಂದಷ್ಟೇ ಬರೆದು ನಿಲ್ಲಿಸಿದ್ದು ನನಗೆ ಬಹಳ ಹಿಡಿಸಿತು. ‘ಕರೆಂಟು ಹೋಗಬಹುದು. ಹೋದರೆ ಟಾರ್ಚ್ ಹಚ್ಚುತ್ತಾರೆ, ನಟರು ಹಾಡುತ್ತಲೇ ಇರುತ್ತಾರೆ’ ಎಂಬ ಪುಟವೂ ಇತ್ತು. ಊರನ್ನು ಬಲ್ಲವರು ಬರೆದ ಪುಸ್ತಿಕೆ ಎಂದು ಅಲ್ಲಿಗೆ ಖಾತ್ರಿಯಾಯಿತು.

ಮೊಬೈಲಿನಲ್ಲಿ ತೋರಿಸಬೇಡಿ ಎಂಬುದು ಇದನ್ನು ಓದುವ ಮನೆಯವರಿಗೆ ನನ್ನ ಮಾತು. ಪುಟ ಸರಿಸುವುದೇ ಆಟವಾಗಿ ಚಿತ್ರ ತಲೆಗೆ ಹತ್ತುವುದಿಲ್ಲ. ಬಣ್ಣದಲ್ಲಿ ಮುದ್ರಿಸಿ, ದಾರ ಹಾಕಿ ಹೊಲಿದು ಕೊಡಿ. ನಮ್ಮವನು ರಾತ್ರಿ ಊಟದ ನಂತರ ಅದನ್ನು ತಾನೇ ಓದುತ್ತಿದ್ದ, ನಾನು ಒಂದು ಪದ ಬಿಟ್ಟು ಓದಿದರೆ ಮೊದಲಿನಿಂದ ಓದಿಸುತ್ತಿದ್ದ.

ಹಿಂದಿನ ಸಂಜೆ ಸಭಾಂಗಣ ನೋಡಲು ಬಿಡುತ್ತಾರೆ. ಆಗುವುದಾದರೆ ತಪ್ಪಿಸಬೇಡಿ. ಮಕ್ಕಳು ರಂಗದ ಮೇಲೆ ಹತ್ತಿ ಆನೆಯ ಸೊಂಡಿಲು ಮುಟ್ಟಿದರು. ಸಕ್ರೆಬೈಲಿನ ಬಿಡಾರದಲ್ಲಿ ನಿಜವಾದ ಆನೆಗಳನ್ನು ಕಂಡಿದ್ದ ನಮ್ಮವನಿಗೆ ಈ ಆನೆ ಅಷ್ಟೇನೂ ಘನವಾಗಿ ತೋರಲಿಲ್ಲ. ಕುರ್ಚಿಗಳ ಸಂಖ್ಯೆಯನ್ನು ಓದುತ್ತ ಕಾಲ ಕಳೆದ.

ಪ್ರದರ್ಶನದ ದಿನ ಎಡವಟ್ಟಾದದ್ದು ಗೇಟಿನಲ್ಲಿ. ಪುಸ್ತಿಕೆಯ ಮೊದಲ ಪುಟದಲ್ಲಿದ್ದ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದ ಮದುವೆಮನೆಯ ವಾಹನಗಳು ಅಡ್ಡ ನಿಂತಿದ್ದವು. ಹಿಂದಿನ ಗೇಟಿನಿಂದ ಬನ್ನಿ ಎಂದರು. ಹುಡುಗ ಮಳೆಯಲ್ಲಿಯೇ ನಿಂತುಬಿಟ್ಟ. ಸ್ವಯಂಸೇವಕನೊಬ್ಬ ‘ಒಳಗೆ ಬಂದರೆ ಸರಿಹೋಗುತ್ತದೆ ಅಜ್ಜಾ, ಎತ್ತಿಕೊಂಡು ಬನ್ನಿ’ ಎಂದ. ಒಂಬತ್ತು ವರ್ಷದ ಹುಡುಗನನ್ನು ಎತ್ತಿಕೊಳ್ಳುವ ವಯಸ್ಸು ನನ್ನದಲ್ಲ, ಎತ್ತಿಸಿಕೊಳ್ಳುವ ವಯಸ್ಸು ಅವನದೂ ಅಲ್ಲ. ಮಾರ್ಗ ಬದಲಾದರೆ ಬಸ್ಸಿನ ಬೋರ್ಡು ಬದಲಾಗಬೇಕು. ಹೊಸ ಗೇಟಿನ ಒಂದು ಚಿತ್ರವನ್ನು ಬೆಳಿಗ್ಗೆಯೇ ಕಳಿಸಿದ್ದರೆ ಸಾಕಿತ್ತು.

ಆಗ ಒಳಗಿನಿಂದ ಒಬ್ಬ ಹುಡುಗಿ ಕೈಯಲ್ಲಿ ಕಾಗದದ ಕಂತೆ ಹಿಡಿದು ಬಂದಳು. ಟಿಕೆಟ್ ಕಾಯ್ದಿರಿಸುವಾಗ ತುಂಬಿಸಿಕೊಂಡ ಅರ್ಜಿಗಳವು. ಮಗುವಿಗೆ ಏನು ಇಷ್ಟ, ಏನು ಆಗದು, ಸಂಕಟವಾದಾಗ ಏನು ಮಾಡಿದರೆ ಸಮಾಧಾನ ಎಂದೆಲ್ಲ ಕೇಳಿದ್ದರು. ಅವಳು ಅವನ ಮುಖ ನೋಡದೆ, ಪಕ್ಕದಲ್ಲಿ ನಿಂತು, ‘ಕುಂಸಿ ಆದ ಮೇಲೆ ಯಾವ ಊರು?’ ಎಂದು ಕೇಳಿದಳು. ‘ಚೋರಡಿ’ ಎಂದ. ‘ಆಮೇಲೆ?’ ಎಂದು ಅವಳು ನಡೆಯತೊಡಗಿದಳು. ತಾಳಗುಪ್ಪ ಮುಟ್ಟುವ ಹೊತ್ತಿಗೆ ಇಬ್ಬರೂ ಹಿಂದಿನ ಗೇಟು ದಾಟಿದ್ದರು. ಅರ್ಜಿಯನ್ನು ದಯವಿಟ್ಟು ವಿವರವಾಗಿ ತುಂಬಿಸಿ. ಸಂಕೋಚದಿಂದ ‘ವಿಶೇಷವೇನಿಲ್ಲ’ ಎಂದು ಬರೆದವರೂ ಇದ್ದರಂತೆ.

ಹನ್ನೊಂದು ಗಂಟೆ ಎಂದಿದ್ದರು, ಹನ್ನೊಂದಕ್ಕೇ ಆರಂಭಿಸಿದರು. ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು ಎಂಬ ಇಪ್ಪತ್ತು ನಿಮಿಷ ಯಾವುದೂ ಇಲ್ಲ. ಇಷ್ಟಕ್ಕೇ ನಾನು ಐದು ನಕ್ಷತ್ರ ಕೊಡುತ್ತಿದ್ದೆ. ಜೋರು ಸದ್ದು ಬರುವ ಮೂರು ಜಾಗಗಳನ್ನು ಪುಸ್ತಿಕೆಯಲ್ಲಿ ಗುರುತಿಸಿದ್ದರು. ಪ್ರತಿ ಬಾರಿಯೂ ರಂಗದ ಬದಿಯಲ್ಲಿ ಕುಳಿತ ಒಬ್ಬರು ಮುಂಚಿತವಾಗಿ ಹಳದಿ ಬಟ್ಟೆ ಎತ್ತಿ ಹಿಡಿದರು. ಬಟ್ಟೆ ಮೇಲೇರಿತೆಂದರೆ ಸಾಲು ಸಾಲಾಗಿ ಕೈಗಳು ಕಿವಿಗೆ ಹೋಗುತ್ತಿದ್ದವು.

ಆನೆ ಬಂದಾಗ ನಮ್ಮವನು ಎದ್ದು ನಿಂತು, ‘ನೀಲಿ ಚಪ್ಪಲಿ ಎಲ್ಲಿ?’ ಎಂದು ಕೂಗಿದ. ಪುಸ್ತಿಕೆಯ ಚಿತ್ರದಲ್ಲಿ ಆನೆಯ ಹಿಂಗಾಲಿನ ನಟ ನೀಲಿ ಚಪ್ಪಲಿ ಹಾಕಿದ್ದರಂತೆ. ನಾವ್ಯಾರೂ ಗಮನಿಸಿರಲಿಲ್ಲ. ಈಗ ಬರಿಗಾಲು. ಅವನು ಕೇಳುತ್ತಲೇ ಇದ್ದ. ಆನೆ ನಿಂತಿತು. ಹೊಟ್ಟೆಯೊಳಗಿನಿಂದ, ‘ಹೊರಗೆ ಬಿಟ್ಟಿದ್ದೇನೆ, ನೀನು ಬಿಟ್ಟ ಜಾಗದಲ್ಲಿಯೇ’ ಎಂದು ಉತ್ತರ ಬಂತು. ಸರಿ ಎಂದು ಕುಳಿತ. ಆ ನಟ ಯಾರೋ ಗೊತ್ತಿಲ್ಲ, ನಾಟಕದಲ್ಲಿ ಚೆನ್ನಾಗಿ ಅಭಿನಯಿಸಿದವರೆಂದರೆ ನನ್ನ ಪಾಲಿಗೆ ಅವರೇ.

ಇನ್ನು ಶಾಂತ ಕೋಣೆ. ಮಗುವಿಗೆ ಸಾಕೆನಿಸಿದರೆ ಸ್ವಲ್ಪ ಹೊತ್ತು ಹೋಗಿ ಕೂರಲು ಮಂದ ಬೆಳಕಿನ ಒಂದು ಜಾಗ. ಚಾಪೆ, ದಿಂಬು, ಹಿಸುಕಲು ರಬ್ಬರಿನ ಚೆಂಡುಗಳು, ಎಲ್ಲವೂ ಇದ್ದವು. ಆದರೆ ಆ ಕೋಣೆಯ ಮೇಲಿದ್ದದ್ದು ತಗಡಿನ ಶೀಟು, ತಿಂಗಳು ಜುಲೈ. ಮಳೆ ಹಿಡಿದುಕೊಂಡಾಗ ಒಳಗೆ ಕುಳಿತವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಗದ್ದಲವಿದ್ದ ಜಾಗವೇ ಅದು. ಅಳುತ್ತ ಒಳಗೆ ಹೋದ ಒಂದು ಹೆಣ್ಣುಮಗು ಇನ್ನಷ್ಟು ಅಳುತ್ತ ಹೊರಗೆ ಬಂತು. ಆ ತಾಯಿ ಕೊನೆಗೆ ನಿಲ್ಲಿಸಿದ್ದ ಕಾರಿನಲ್ಲಿ ಕೂರಬೇಕಾಯಿತು. ಕರೆಂಟು ಹೋಗುವುದನ್ನು ನೆನಪಿಟ್ಟು ಬರೆದವರು ಮಲೆನಾಡಿನ ಮಳೆಯನ್ನು ಮರೆತದ್ದು ಹೇಗೋ! ಹಂಚಿನ ಮಾಡಿರುವ ಕಚೇರಿ ಕೋಣೆ ಪಕ್ಕದಲ್ಲಿಯೇ ಇತ್ತು. ಅಲ್ಲಿ ತಂಡದವರ ಪೆಟ್ಟಿಗೆಗಳು ಶಾಂತವಾಗಿದ್ದವು.

ಹೊರಡುವಾಗ ಒಬ್ಬರು ನನ್ನ ಬಳಿ ಬಂದು, ‘ಪಾಪ, ಈ ಮಕ್ಕಳಿಗಾಗಿ ಎಂಥ ಸೇವೆ ಮಾಡುತ್ತಿದ್ದಾರೆ’ ಎಂದರು. ಸೇವೆ ಎಂದರೆ ನನಗೆ ಸಿಟ್ಟು ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಂತೆ ಪಾಲುಗೊಳ್ಳುವ ಹಕ್ಕಿನ ಮಾತೂ ಅದೇ ಕಾಯ್ದೆಯಲ್ಲಿದೆ. ಜೊತೆಗೆ ನಾವು ದುಡ್ಡು ಕೊಟ್ಟು ಹೋಗಿದ್ದೇವೆ: ಟಿಕೆಟ್ಟಿಗೆ 150 ರೂಪಾಯಿ, ಮಗುವಿನ ಜೊತೆ ಬರುವ ಒಬ್ಬರಿಗೆ ಉಚಿತ. ನಾಟಕ 45 ನಿಮಿಷ. ಅರವತ್ತು ಟಿಕೆಟ್ ಮಾತ್ರ ಕೊಡುತ್ತಾರೆ, ಆದ್ದರಿಂದ ನೂಕುನುಗ್ಗಲಿಲ್ಲ. ಮನೆಯ ತಿಂಡಿ ಒಳಗೆ ಒಯ್ಯಬಹುದು. ಕಿವಿಗೆ ಹಾಕುವ ಹೆಡ್‌ಫೋನ್ ಅಲ್ಲಿಯೂ ಕೊಡುತ್ತಾರೆ, ಆದರೆ ಮಗುವಿಗೆ ರೂಢಿಯಾದದ್ದನ್ನೇ ಒಯ್ಯುವುದು ಲೇಸು.

ದೀಪಾವಳಿಯ ನಂತರ ಮತ್ತೊಂದು ಪ್ರದರ್ಶನವಿದೆ ಎಂದಿದ್ದಾರೆ. ಆಗ ಮಳೆಯ ಕಾಟ ಕಡಿಮೆ, ಆದರೂ ಕೋಣೆ ಬದಲಿಸಿ ಎಂದು ಬರೆದು ಕೊಟ್ಟಿದ್ದೇನೆ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವವರಿಗೆ ಬೆಳಗಿನ ಹನ್ನೊಂದು ಗಂಟೆ ತೀರ ಬೇಗ. ಇಂಥ ಮಕ್ಕಳನ್ನು ಗಡಿಬಿಡಿಯಲ್ಲಿ ಹೊರಡಿಸಲಾಗುವುದಿಲ್ಲ, ಬಸ್ಸಿಳಿದ ಮೇಲೆ ಸುಧಾರಿಸಿಕೊಳ್ಳಲೂ ಸಮಯ ಬೇಕು. ಮಧ್ಯಾಹ್ನ ಎರಡಕ್ಕೆ ಇಡಿ, ಬೇಕಿದ್ದರೆ ಆ ಹೊತ್ತಿಗೆ ಬರುವ ಬಸ್ಸುಗಳ ಪಟ್ಟಿಯನ್ನು ನಾನೇ ಮಾಡಿಕೊಡುತ್ತೇನೆ ಎಂದೂ ಹೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.