ಸುಕ್ಕೋತ್ ರಾತ್ರಿ ಜೆರುಸಲೇಮ್ ವಾಕಿಂಗ್ ಟೂರ್: ಖಂಡಿತ ಹೋಗಿ, ಆದ್ರೆ ಟೈಮ್ ಸಾಲಲ್ಲ

ಸುಕ್ಕೋತ್ ಹಬ್ಬದ ನಡುವಿನ ದಿನಗಳಲ್ಲಿ ಜೆರುಸಲೇಮ್‌ನಲ್ಲಿದ್ರೆ ಈ ಟೂರ್ ಬಿಡಬೇಡಿ. ಯಹೂದಿಗಳ ಪರ್ಣಶಾಲೆಗಳ ಹಬ್ಬ ಇದು, ಏಳು ದಿನ ಊಟ ಎಲ್ಲ ಗರಿ ಹೊದಿಸಿದ ಚಪ್ಪರದಲ್ಲೇ, ಕೆಲವ್ರು ಮಲಗೋದೂ ಅಲ್ಲೇ. ಟೂರ್ ನಹ್ಲಾವೋತ್ ಅನ್ನೋ ಬಡಾವಣೆಯ ಕಿರಿದಾದ ಗಲ್ಲಿಗಳಲ್ಲಿ ಶುರುವಾಗಿ, ಸಂಪ್ರದಾಯಸ್ಥ ಯಹೂದಿಗಳ ಬಡಾವಣೆ ಮೆಯಾ ಶೆಯಾರೀಮ್‌ನಲ್ಲಿ ಮುಗಿಯತ್ತೆ, ಬಾಲ್ಕನಿ, ಅಂಗಳ, ಹೋಟೆಲ್ ಮುಂದೆ ಎಲ್ಲಿ ನೋಡಿದ್ರೂ ಚಪ್ಪರ.

ಗೈಡ್ ಚೆನ್ನಾಗಿ ಓದ್ಕೊಂಡಿದ್ದಾರೆ. ಜೆರುಸಲೇಮ್‌ನಲ್ಲಿ ಯಹೂದಿಗಳ ದೇವಾಲಯ ಇದ್ದ ಕಾಲದಲ್ಲಿ ಈ ಹಬ್ಬಕ್ಕೆ ಸಿಲೋವಾಮ್ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತಂದು ಬಲಿಪೀಠದ ಮೇಲೆ ಸುರೀತಿದ್ರಂತೆ, ರಾತ್ರಿ ಪುರೋಹಿತರ ಹಳೇ ಬಟ್ಟೆ ಹರಿದು ಬತ್ತಿ ಮಾಡಿ ದೊಡ್ಡ ದೀಪ ಹಚ್ಚಿ ಕುಣೀತಿದ್ರಂತೆ, ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಅಂಥ ದೊಡ್ಡ ಪಂಡಿತ ಎಂಟು ಪಂಜು ಒಂದಕ್ಕೊಂದು ತಾಗದ ಹಾಗೆ ಎಸೆದು ಹಿಡೀತಿದ್ರು ಅಂತ ಯಹೂದಿಗಳ ಹಳೇ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದ್ರು, ಕುಣಿತ ಮಾತ್ರ ಬಿಟ್ಟಿಲ್ಲ.

ಈ ಹಬ್ಬದಲ್ಲಿ ಸಂತೋಷವಾಗಿರು ಅಂತ ಧರ್ಮಗ್ರಂಥವೇ ಆಜ್ಞೆ ಮಾಡಿದ್ರೆ ಸಂತೋಷ ಬರತ್ತಾ ಅಂತ ಗುಂಪಲ್ಲಿ ಒಬ್ರು ಕೇಳಿದ್ರು. ಟೂರ್‌ನ ಬೆಸ್ಟ್ ಭಾಗ ಇಲ್ಲಿಂದ. ಬೈಬಲ್‌ನ ಧರ್ಮೋಪದೇಶಕಾಂಡದಲ್ಲಿ ನೀನು ಮಾತ್ರ ಅಲ್ಲ, ಮಗ, ಮಗಳು, ಆಳು, ಪರದೇಶಿ, ಅನಾಥ, ವಿಧವೆ ಎಲ್ರೂ ಸೇರಿ ಹಬ್ಬದಲ್ಲಿ ಸಂತೋಷಪಡ್ಬೇಕು ಅಂತ ಇದೆ, 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಅದನ್ನ ಇನ್ನೂ ಬಿಡಿಸಿ ಮಕ್ಕಳಿಗೆ ಹುರಿಗಾಳು, ಬೀಜ, ಸಿಹಿ ಕೊಡಿ, ಹೆಂಗಸ್ರಿಗೆ ಕೈಲಾದಷ್ಟು ಬಟ್ಟೆ ಒಡವೆ ತನ್ನಿ ಅಂತ ಹೇಳಿ, ಬಾಗಿಲು ಹಾಕ್ಕೊಂಡು ಬಡವರಿಗೆ ಕೊಡದೆ ತಾನೂ ತನ್ನವರೂ ತಿಂದ್ರೆ ಅದು ಬರೀ ಹೊಟ್ಟೆಯ ಸಂತೋಷ ಅಂತ ಬರೀತಾರೆ. ಅಂದ್ರೆ ಮನಸ್ಸಿಗೆ ಬಂದಾಗ ಖುಷಿಯಾಗಿರೋದಲ್ಲ, ಕೈಯಾರೆ ಮಾಡಬೇಕಾದ ಕೆಲಸ, ಪ್ರಾರ್ಥನೆ ಇದ್ದ ಹಾಗೆ ಇದೂ ಒಂದು ಕರ್ತವ್ಯ. ಯಹೂದಿ ಧರ್ಮ ಅಂದ್ರೆ ಬರೀ ಕಟ್ಟುನಿಟ್ಟು ಅಂದ್ಕೊಂಡಿರೋರು ಇದೊಂದು ಮಾತಿಗಾದ್ರೂ ಬರಬೇಕು. ಸಾವಿನ ಏಳು ದಿನದ ಶೋಕ ಶುರುವಾಗಿದ್ರೂ ಹಬ್ಬ ಬಂದ್ರೆ ಅಲ್ಲಿಗೇ ನಿಲ್ಲತ್ತಂತೆ, ಇದು ನಂಗೆ ಇನ್ನೂ ಅರಗಿಲ್ಲ, ಆದ್ರೆ ಒಂಟಿಯಾಗಿ ಅಳೋರನ್ನ ಎಲ್ರ ಜೊತೆ ಕೂರಿಸೋದು ಕ್ರೂರ ಅಂತಾನೂ ಅನ್ನಿಸ್ತಿಲ್ಲ.

ಕೊನೇಗೆ ಒಂದು ಯೆಶಿವಾದ, ಅಂದ್ರೆ ಯಹೂದಿ ಧರ್ಮಪಾಠಶಾಲೆಯ, ಹಾಲ್. ಬ್ಯಾಂಡ್ ಜೋರಾಗಿ ಬಾರಿಸ್ತಿದೆ, ಕಪ್ಪು ಕೋಟಿನ ಗಂಡಸ್ರು ಕೈಕೈ ಹಿಡ್ಕೊಂಡು ಸುತ್ತ ತಿರುಗ್ತಿದ್ದಾರೆ, ಊರುಗೋಲು ಹಿಡಿದ ಒಬ್ಬ ತಾತ ನಡುವೆ ನಿಂತು ಕೋಲನ್ನೇ ಮೇಲೆತ್ತಿ ಕುಣೀತಿದ್ರು, ಬೆವರಿಗೆ ಗಡ್ಡ ಎಲ್ಲಾ ಒದ್ದೆ, ಅವರಿಗೆ ಅದ್ರ ಪರಿವೇನೇ ಇಲ್ಲ.

ಬೇಜಾರು ಏನಂದ್ರೆ, ಅಲ್ಲಿ ತುಂಬಾ ಕಮ್ಮಿ ಹೊತ್ತು ಬಿಟ್ರು, ಕುಣಿತ ರಂಗೇರೋ ಹೊತ್ತಿಗೆ ಹೊರಡಿ ಅಂತ ಕರೆದುಬಿಟ್ರು. ಹೆಂಗಸ್ರು ಮೇಲಿನ ಗ್ಯಾಲರಿಯಲ್ಲಿ ಜಾಲರಿ ಹಿಂದೆ ನಿಲ್ಬೇಕು, ಹಿಂದಿನ ಸಾಲಿಗೆ ಏನೂ ಕಾಣಲ್ಲ, ಇದನ್ನ ಬುಕಿಂಗ್ ಮಾಡೋವಾಗ್ಲೇ ಹೇಳ್ಬೇಕಿತ್ತು. ಗುಂಪೂ ದೊಡ್ಡದು, ಹಿಂದೆ ಉಳಿದ್ರೆ ಗೈಡ್ ಮಾತು ಕೇಳಿಸಲ್ಲ.

ತೋಳು, ಕಾಲು ಮುಚ್ಚೋ ಬಟ್ಟೆ ಕಡ್ಡಾಯ, ಒಳಗೆ ಕೇಳದೆ ಫೋಟೋ ತೆಗೀಬೇಡಿ. ಐದಕ್ಕೆ ನಾಲ್ಕು ಸ್ಟಾರ್, ಕೊನೇ ಸ್ಟಾಪ್‌ಗೆ ಇನ್ನೊಂದು ಗಂಟೆ ಕೊಟ್ರೆ ಐದಕ್ಕೆ ಐದು ಕೊಡ್ತೀನಿ.