ಪ್ರಾಸ್ಟೇಟ್ ಕ್ಯಾನ್ಸರ್: ಕಾಯುವುದಾ, ಆಪರೇಷನ್ನಾ, ರೇಡಿಯೇಷನ್ನಾ?

ಅಪ್ಪನಿಗೆ ಯಾವುದು ಮಾಡಿಸಲಿ ಅಂತ ಕೇಳಿದ್ದೀರಿ. ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯನ್ನು (ಗಂಡಸರ ಮೂತ್ರಚೀಲದ ಕೆಳಗಿರುವುದು) ದಾಟಿಲ್ಲದಿದ್ದರೆ ಸಾಮಾನ್ಯವಾಗಿ ಯೋಚಿಸಲು ಸಮಯ ಇರುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1,643 ಗಂಡಸರನ್ನು ಸುಮಾರು 15 ವರ್ಷ ಗಮನಿಸಿ 2023ರಲ್ಲಿ ಹೇಳಿದ್ದಿಷ್ಟು: ಮೂರರಲ್ಲಿ ಯಾವ ದಾರಿ ಹಿಡಿದರೂ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ಆದರೆ ಹರಡಿದ್ದು ಕಾದವರಲ್ಲೇ ಜಾಸ್ತಿ, 9.4%, ಉಳಿದೆರಡರಲ್ಲಿ 5% ಆಸುಪಾಸು.

ದೊಡ್ಡ ವ್ಯತ್ಯಾಸ ಇರುವುದು ದಿನದ ಬದುಕಿನಲ್ಲಿ. ಆಪರೇಷನ್ ಗುಂಪಿನ ಸುಮಾರು ಕಾಲು ಭಾಗ ಜನ ವರ್ಷಗಳ ನಂತರವೂ ಪ್ಯಾಡ್ ಹಾಕುತ್ತಿದ್ದರು. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವುದು ಸಣ್ಣ ಕಷ್ಟವಲ್ಲ, ಅಲ್ವಾ? ರೇಡಿಯೇಷನ್‌ನಲ್ಲಿ ಅದು ಕಮ್ಮಿ, ಆದರೆ ಮಲ ಸೋರುವ ತೊಂದರೆ ಜಾಸ್ತಿ.

ಗಡ್ಡೆ ಕಡಿಮೆ ಅಪಾಯದ್ದಾಗಿದ್ದು, ಅಪ್ಪ ಪಿಎಸ್‌ಎ ಎಂಬ ರಕ್ತ ಪರೀಕ್ಷೆಗೆ ತಪ್ಪದೆ ಹೋಗುವವರಾದರೆ ಕಾಯಬಹುದು. ಸುಮ್ನೆ ಕೂರುವುದಲ್ಲ ಅದು, ಗಡ್ಡೆ ಬೆಳೆಯುತ್ತಿದೆಯಾ ಅಂತ ಆಗಾಗ ಪರೀಕ್ಷಿಸುತ್ತಿರುವುದು. ಗಡ್ಡೆ ಜೋರಾಗಿದ್ದು ಮೈಯಲ್ಲಿ ಕಸುವಿದ್ದರೆ ಆಪರೇಷನ್. ಅರಿವಳಿಕೆ ತಡೆಯದ ಹೃದಯವಾದರೆ ರೇಡಿಯೇಷನ್.