ಇಂಚಿನ ಗೆರೆ ತಪ್ಪಿದ ಮಳೆಮಾಪಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲೇ ನಡೆಯುತ್ತದೆ. ಒಂದು ಇಂಚಿಗೆ ನೂರು ಸೆಂಟು. ಜಮೀನು ಅಳೆಯುವ ಸೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಅಜ್ಜ ಬರೆಯುತ್ತಿದ್ದ ಮಳೆ ಪುಸ್ತಕವನ್ನು ಮುಂದುವರಿಸಬೇಕೆಂಬ ಆಸೆಯಿಂದ, ಕಳೆದ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಸಲಕರಣೆಗಳ ಅಂಗಡಿಯೊಂದರಿಂದ 850 ರೂಪಾಯಿಗೆ ಪ್ಲಾಸ್ಟಿಕ್ ಮಳೆಮಾಪಕವೊಂದನ್ನು ತಂದೆ. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೇಲೊಂದು ಆಲಿಕೆ, ಕೆಳಗೊಂದು ಡಬ್ಬಿ, ಜೊತೆಗೆ ಗೆರೆ ಹಾಕಿದ ಅಳತೆಯ ಕೊಳವೆ: ಇಷ್ಟೇ ಉಪಕರಣ. ಆಲಿಕೆಯ ಬಾಯಿ 11.3 ಸೆಂ.ಮೀ. ಅಗಲವಿದ್ದು, ಅದರ ವಿಸ್ತೀರ್ಣ 100 ಚದರ ಸೆಂ.ಮೀ. ಆಗುತ್ತದೆ, ಆದ್ದರಿಂದ ಕೊಳವೆಗೆ ಸುರಿದ ಪ್ರತಿ 10 ಮಿಲಿಲೀಟರ್ ನೀರೂ 1 ಮಿ.ಮೀ. ಮಳೆಗೆ ಸಮ. ನಿಜವೋ ಎಂದು ನೋಡಲು ಕೊಳವೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸರಿಯಾಗಿ 100 ಗ್ರಾಂ ನೀರು ಹಾಕಿದಾಗ, ನೀರು 10ರ ಗೆರೆಗೇ ಬಂದು ನಿಂತಿತು. ಒಂದು ಗ್ರಾಂ ನೀರೆಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಆಗಿರುವುದರಿಂದ ಈ ಪರೀಕ್ಷೆಗೆ ಬೇರೆ ಸಾಧನ ಬೇಕಿಲ್ಲ. ಮಿಲಿಮೀಟರ್ ಗೆರೆಗಳ ವಿಷಯದಲ್ಲಿ ತಯಾರಕರ ಮೇಲೆ ನನ್ನ ದೂರಿಲ್ಲ.

ದೂರಿರುವುದು ಕೊಳವೆಯ ಇನ್ನೊಂದು ಬದಿಯ ಬಗ್ಗೆ. ಅಲ್ಲಿ 1 ಇಂಚಿನ ಗೆರೆಯನ್ನು 25 ಮಿ.ಮೀ. ಗೆರೆಯ ನೇರಕ್ಕೇ ಮುದ್ರಿಸಿದ್ದಾರೆ. ಒಂದು ಇಂಚೆಂದರೆ 25.4 ಮಿ.ಮೀ. ಒಂದೇ ದಿನದ ಮಳೆಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ. ಸುರಿದರೆ ನಿಜವಾದ ಲೆಕ್ಕ 118 ಇಂಚು, ಈ ಕೊಳವೆಯ ಲೆಕ್ಕ 120 ಇಂಚು. ಅಜ್ಜನ ಕಾಲದ ಮಳೆಯನ್ನೂ ಈಗಿನ ಮಳೆಯನ್ನೂ ಹೋಲಿಸಲು ಹೊರಟವನಿಗೆ ಬೀಳದ ಎರಡು ಇಂಚು ಮಳೆಯನ್ನು ಕಟ್ಟಿಕೊಡುವ ಉಪಕರಣದಿಂದ ಏನು ಪ್ರಯೋಜನ? ಆ ಬದಿಗೆ ಅಂಟುಪಟ್ಟಿ ಹಚ್ಚಿ ಮುಚ್ಚಿಬಿಟ್ಟೆ. ಈಗ ಮಿಲಿಮೀಟರಿನಲ್ಲಿ ಓದಿ, 25.4ರಿಂದ ಭಾಗಿಸಿ, ಪುಸ್ತಕದಲ್ಲಿ ಎರಡನ್ನೂ ಬರೆಯುತ್ತೇನೆ.

ಹೀಗೆ ಬರೆಯತೊಡಗಿದ ಮೇಲೆ ಮಿಲಿಮೀಟರಿನ ಅನುಕೂಲ ನನಗೂ ತಿಳಿಯಿತು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಗುಂಟೆ ಸುಮಾರು 101 ಚದರ ಮೀಟರ್ ಇರುವುದರಿಂದ, ಗುಂಟೆಗೆ ಮಿಲಿಮೀಟರಿಗೆ ನೂರು ಲೀಟರ್ ಎಂದು ಬಾಯಿಲೆಕ್ಕದಲ್ಲೇ ಹೇಳಬಹುದು. ಹವಾಮಾನ ಇಲಾಖೆ 64.5 ಮಿ.ಮೀ. ದಾಟಿದ್ದನ್ನು ಭಾರಿ ಮಳೆ ಎನ್ನುತ್ತದೆ. ಅಷ್ಟು ಬಿದ್ದ ದಿನ ನಮ್ಮ ಇಪ್ಪತ್ತು ಗುಂಟೆ ಅಡಿಕೆ ತೋಟಕ್ಕೆ ಇಳಿಯುವುದು ಒಂದು ಲಕ್ಷದ ಮೂವತ್ತು ಸಾವಿರ ಲೀಟರ್. ಬಸಿಗಾಲುವೆ ಎಷ್ಟು ಆಳವಿರಬೇಕು ಎಂದು ಅಪ್ಪಯ್ಯನೊಂದಿಗೆ ವಾದ ಮಾಡುವಾಗ ಈ ಅಂಕಿ ನನಗೆ ಬಹಳ ಉಪಯೋಗಕ್ಕೆ ಬಂತು. ಇಂಚಿನಿಂದ ಹೊರಟಿದ್ದರೆ ಕ್ಯಾಲ್ಕುಲೇಟರ್ ಹಿಡಿಯಬೇಕಾಗುತ್ತಿತ್ತು.

ಇನ್ನೊಂದು ಕೊರತೆ ಡಬ್ಬಿಯದು. ಅದು ಹಿಡಿಯುವುದು ಒಂದೂವರೆ ಲೀಟರ್, ಅಂದರೆ 150 ಮಿ.ಮೀ. ಮಳೆ. ಬಯಲುಸೀಮೆಗೆ ಅಷ್ಟು ಧಾರಾಳವಾಗಿ ಸಾಕು. ಆಗುಂಬೆಯ ನೆರೆಯವರಿಗೆ ಸಾಲದು. ಜುಲೈನಲ್ಲಿ ಎರಡು ಸಲ ಬೆಳಿಗ್ಗೆ ಎಂಟೂವರೆಗೆ ನೋಡುವಷ್ಟರಲ್ಲಿ ಡಬ್ಬಿ ತುಂಬಿ ಹೊರಚೆಲ್ಲಿತ್ತು, ಆ ಎರಡು ದಿನಗಳ ಲೆಕ್ಕ ಪುಸ್ತಕದಲ್ಲಿ "150ಕ್ಕಿಂತ ಹೆಚ್ಚು" ಎಂದೇ ಉಳಿದಿದೆ. ಆಮೇಲೆ ಜೋರು ಮಳೆಯ ದಿನಗಳಲ್ಲಿ ರಾತ್ರಿ ಮಲಗುವ ಮುಂಚೆ ಒಮ್ಮೆ ಅಳೆದು ಖಾಲಿ ಮಾಡುವ ರೂಢಿ ಮಾಡಿಕೊಂಡೆ. ಆಲಿಕೆಗೆ ಜಾಲರಿ ಕೊಟ್ಟಿಲ್ಲ, ಎಲೆ ಬಿದ್ದು ಕಟ್ಟಿಕೊಳ್ಳುತ್ತದೆ.

ಮಿಲಿಮೀಟರಿನಲ್ಲೇ ಬರೆಯುವವರು, ಕಡಿಮೆ ಮಳೆಯ ಊರಿನವರು ಇದನ್ನು ಕೊಳ್ಳಬಹುದು. ಮಲೆನಾಡಿನವರು 300 ಮಿ.ಮೀ. ಹಿಡಿಯುವ ಡಬ್ಬಿಯನ್ನೇ ಕೇಳುವುದು ಒಳ್ಳೆಯದು. ನಾನಂತೂ ಅದೇ ಅಂಗಡಿಯಲ್ಲಿ ಹೇಳಿಟ್ಟು ಬಂದಿದ್ದೇನೆ.